ನಡುಗೆರೆಯಲ್ಲಿ ದೊರೆ

ಫೆಬ್ರವರಿ 9

ಅಕ್ಕಾ,

ಫೋನಿನಲ್ಲಿ ನಿನ್ನ ಜೊತೆ ಮಾತಾಡಬೇಕೆಂದರೆ ಮೊದಲು ಭಾವನನ್ನು, ಆಮೇಲೆ ನಿನ್ನ ಮಗಳನ್ನು, ಆಮೇಲೆ ಅಳಿಯನನ್ನು ದಾಟಿ ಬರಬೇಕು. ನಿನ್ನ ಸರದಿ ಬರುವ ಹೊತ್ತಿಗೆ ನನ್ನ ಅಂಗಡಿಗೆ ಯಾರಾದರೂ ಮುರಿದ ಕನ್ನಡಕ ಹಿಡಿದುಕೊಂಡು ಬಂದಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರಿ. ಮಗಳ ಮನೆಯಲ್ಲಿ ಮಲಗಿಕೊಂಡು ನಿನಗಾದರೂ ಬೇರೇನು ಕೆಲಸ?

ನಾಡಿದ್ದು ಆಪರೇಷನ್. ಹೆದರಬೇಡ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಊರಿನ ಬಸ್ಸನ್ನು ಇಷ್ಟು ವರ್ಷ ಆ ಇಕ್ಕಟ್ಟಿನ ರಸ್ತೆಗಳಲ್ಲಿ ಓಡಿಸಿದವಳಿಗೆ ನಾನು ಧೈರ್ಯ ಹೇಳುವುದೆಂದರೆ ಹೇಗೆ? ನಿನ್ನ ಎಡ ಸೊಂಟದ ಕೀಲನ್ನು ಬದಲಿಸುವ ಡಾಕ್ಟರೇ ನಿನಗೆ ಹೆದರಿಕೊಂಡಿರಬಹುದು.

ದೊರೆ ಚೆನ್ನಾಗಿದ್ದಾನೆ. ನನ್ನ ಎದೆಯೆತ್ತರಕ್ಕೂ ಬರದ ಪೋನಿಗೆ ದೊರೆ ಎಂದು ಹೆಸರಿಟ್ಟೆಯಲ್ಲ, ಅವನು ಅದನ್ನು ನಿಜವೆಂದೇ ನಂಬಿದ್ದಾನೆ. ನಾನು ಲಾಯಕ್ಕೆ ಹೋದರೆ ಮೊದಲು ನನ್ನ ಹಿಂದೆ ನೋಡುತ್ತಾನೆ, ನೀನು ಬಂದಿದ್ದೀಯಾ ಎಂದು. ನೀನಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಜೇಬು ಮೂಸುತ್ತಾನೆ.

ಅಂಗಡಿಗೆ ಬರುವ ಹೆಂಗಸೊಬ್ಬರು ನನ್ನ ಬೂಟು ನೋಡಿ ವಿಚಾರಿಸಿದರು. ಡ್ರೆಸ್ಸಾಜ್ ಎಂದೆ. ಕುದುರೆಯ ಮೇಲೆ ಕೂತು, ಕೂತವರು ಏನು ಹೇಳಿದರೆಂದು ನೋಡುವವರಿಗೆ ಗೊತ್ತೇ ಆಗದ ಹಾಗೆ ಅದನ್ನು ನಡೆಸುವುದು, ತಿರುಗಿಸುವುದು, ನಿಲ್ಲಿಸುವುದು ಎಂದು ವಿವರಿಸಿದೆ. ಅವರು ಯೋಚಿಸಿ, "ಅಲ್ಲಮ್ಮಾ, ಪೋನಿ ಅಂದ್ರೆ ಮಕ್ಕಳು ಹತ್ತೋದಲ್ವಾ? ನಿಮ್ಮ ಕಾಲು ನೆಲಕ್ಕೆ ತಾಗಲ್ವಾ?" ಎಂದರು. ತಾಗುವುದಿಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಒಂದು ತೊಂದರೆ. ಮರಳಿನ ಅಂಕಣಕ್ಕೆ 'ಎ' ಅಕ್ಷರದ ಫಲಕದ ಬಳಿ ಒಳಗೆ ಬಂದು, ನಡುಗೆರೆಯ ಮೇಲೆ ನೇರ ಎದುರಿನ 'ಸಿ' ಅಕ್ಷರದ ಕಡೆಗೆ ಹೋಗಬೇಕಲ್ಲ? ನಾವು ಹೋಗುವುದು ಎಡಗಡೆಯ ಮೂಲೆಯ 'ಎಚ್' ಕಡೆಗೆ. ಪ್ರತಿ ಸಲವೂ. ನಿನ್ನ ಕೈಯಲ್ಲಿ ದಾರ ಹಿಡಿದು ಎಳೆದ ಹಾಗೆ ನೇರ ಹೋಗುತ್ತಿದ್ದವನು ನನ್ನ ಕೈಯಲ್ಲಿ ಏಕೆ ಹೀಗೆ? ತಪ್ಪು ನನ್ನದೇ ಇರಬೇಕು. ನೀನು ಬರುವಷ್ಟರಲ್ಲಿ ಸರಿಮಾಡಿಕೊಳ್ಳುತ್ತೇನೆ. ನೀನು ಬಿಟ್ಟುಹೋದ ದೊರೆಯನ್ನು ಹಾಗೆಯೇ, ಕೂದಲು ಕೊಂಕದಂತೆ ನಿನಗೆ ಒಪ್ಪಿಸುತ್ತೇನೆ. ಇದು ಮಾತು.

ನಿನ್ನ
ಪುಟ್ಟಿ


ಫೆಬ್ರವರಿ 21

ಪುಟ್ಟೀ,

ಆಯಿತು. ಎಡಗಡೆ ಹೊಸ ಬೇರಿಂಗ್ ಹಾಕಿದ್ದಾರೆ. "ಸರ್ವಿಸಿಂಗ್ ಎಲ್ಲಿ ಮಾಡಿಸ್ಬೇಕು ಡಾಕ್ಟ್ರೇ?" ಎಂದು ಕೇಳಿದೆ. ಅವರು ನಗಲಿಲ್ಲ. ನಗಲು ಬಾರದವರ ಕೈಗೆ ನನ್ನ ಸೊಂಟ ಕೊಟ್ಟಿದ್ದೀರಿ ಎಂದು ನಿನ್ನ ಭಾವನಿಗೆ ಬೈದೆ.

ನೀನು ಲಗಾಮು ಬಿಗಿ ಹಿಡಿಯುತ್ತಿದ್ದೀಯ, ಅದೇ ವಿಷಯ. ಕನ್ನಡಕದ ಸಣ್ಣ ಸ್ಕ್ರೂ ಹಿಡಿದ ಹಾಗೆ ಹಿಡಿಯುತ್ತೀಯ. ಅವನ ಕಿವಿಗಳನ್ನು ನೋಡುತ್ತಾ ಕೂರಬೇಡ, 'ಸಿ'ಯನ್ನು ನೋಡು. ಹೋಗಬೇಕಾದ ಕಡೆ ಕಣ್ಣಿಟ್ಟರೆ ಬಸ್ಸೂ ಹೋಗುತ್ತದೆ, ದೊರೆಯೂ ಹೋಗುತ್ತಾನೆ.

ಇಲ್ಲಿ ಕಿಟಕಿಯಿಂದ ಒಂದು ಗೋಡೆ, ಒಂದು ನೀರಿನ ಟ್ಯಾಂಕು ಕಾಣುತ್ತವೆ. ಕಣ್ಣು ಮುಚ್ಚಿಕೊಂಡು ಸ್ಪರ್ಧೆಯಲ್ಲಿ ಮಾಡಬೇಕಾದ ಸವಾರಿಯನ್ನೆಲ್ಲ ಮಾಡುತ್ತೇನೆ: ಒಳಗೆ ಬಂದು, ನಡುಗೆರೆ ಹಿಡಿದು, ನಿಂತು, ತಲೆಬಾಗಿ. ಅಕ್ಟೋಬರಿನ ಸ್ಪರ್ಧೆಗೆ ಅವನ ಮೇಲೆ ನಾನೇ ಕೂರುತ್ತೇನೆ. ಊಟ ಸೇರದ ದಿನ ಅದನ್ನು ನೆನೆದೇ ಎರಡು ತುತ್ತು ಇಳಿಸುತ್ತೇನೆ.

ಲಾಯದಲ್ಲಿ ಯಾರಾದರೂ ಕೇಳಿದರೆ, ಹೋದ ಚಳಿಗಾಲದಲ್ಲಿ ನೋವು ಶುರುವಾದದ್ದು, ಬೇಗ ಹಿಡಿದದ್ದಕ್ಕೆ ಸುಲಭವಾಯಿತು ಎಂದು ಹೇಳು.

ಅಕ್ಕ


ಮಾರ್ಚ್ 8

ಅಕ್ಕಾ,

ನಿನಗೆ ನಗು ಬರುವಂಥದ್ದು ಒಂದಿದೆ. ಹೊಲಿಗೆ ಎಳೆಯುವಷ್ಟು ಮಾತ್ರ ನಗಬೇಡ.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಕೈ ಸಡಿಲ ಬಿಟ್ಟೆ, 'ಸಿ'ಯನ್ನು ಕಣ್ಣು ನೋಯುವಷ್ಟು ನೋಡಿದೆ. ಆದರೂ ನಾವು 'ಎಚ್' ಕಡೆಗೇ. ಅಂಕಣದ ನಡುವೆ ನಿಂತು ನಮ್ಮನ್ನು ನೋಡುತ್ತಿದ್ದ ಸವಾರಿ ಮೇಷ್ಟ್ರಿಗೂ ಸಾಕಾಗಿತ್ತು. "ಆ ಎಚ್‌ನಲ್ಲಿ ನಿಮ್ಮ ನೆಂಟರಿದ್ದಾರೇನಮ್ಮಾ?" ಎಂದರು.

ನಿನ್ನೆ ತುಂಬ ಚಳಿ. ಉದ್ದನೆಯ ಕೋಟು ಹಾಕಿಕೊಂಡು ಹತ್ತಿದ್ದೆ. ನಡುಗೆರೆಯ ಮೇಲೆ ಟ್ರಾಟ್ ಓಟದಲ್ಲಿ ಬರುತ್ತಿರುವಾಗ ಕೋಟಿನ ಅಂಚು ಎಡತೊಡೆಯ ಕೆಳಗೆ ಸಿಕ್ಕಿಕೊಂಡು ಚುಚ್ಚತೊಡಗಿತು. ಎಡಗಡೆ ಸ್ವಲ್ಪ ಎದ್ದು, ಭಾರ ಬಲಕ್ಕೆ ಹಾಕಿ, ಅದನ್ನು ಎಳೆದುಕೊಂಡೆ. ದೊರೆ ನೇರ ಹೋದ. ರೂಲು ಹಿಡಿದು ಗೀಚಿದ ಹಾಗೆ, ನೇರ 'ಸಿ'ಗೆ.

"ಏನು ಮಾಡಿದ್ರಿ ಈಗ?"

"ಏನಿಲ್ಲ ಮೇಷ್ಟ್ರೇ, ಕೋಟು ಎಳ್ಕೊಂಡೆ."

"ಮತ್ತೆ ಎಳೀರಿ."

ಮತ್ತೆ ಎಳೆದೆ. ಮತ್ತೆ ನೇರ. ಕೊನೆಗೆ ಇಲ್ಲದ ಕೋಟನ್ನೂ ಎಳೆದೆ. ನೋಡುತ್ತಿದ್ದ ಅಂಚೆಯಣ್ಣ (ಉದ್ದ ಕಾಲಿನವನು, ಗೊತ್ತಲ್ಲ, ಅವನ ಪೋನಿಯ ಮೇಲೆ ಕೂತರೆ ಮೇಜಿನ ಮೇಲೆ ಕೂತ ಹಾಗೆ ಕಾಣುತ್ತಾನೆ) ತಾನೂ ಕೋಟು ತಂದು ಪ್ರಯತ್ನಿಸಿದ. ಅವನ ಪೋನಿ ಕ್ಯಾರೇ ಅನ್ನಲಿಲ್ಲ.

ಇದೇನು ವಿಚಿತ್ರ, ಅಕ್ಕಾ? ನೀನೇನಾದರೂ ಅವನಿಗೆ ಹಾಗೆ ಕಲಿಸಿದ್ದೆಯಾ?

ಪುಟ್ಟಿ


ಮಾರ್ಚ್ 16

ಪುಟ್ಟೀ,

ಇಲ್ಲಿ ಎಲ್ಲ ಕ್ಷೇಮ. ಎರಡು ಕೋಲು ಹಿಡಿದು ಅಡುಗೆಮನೆಯವರೆಗೆ ಹೋಗಿಬರುತ್ತೇನೆ.

ಕೋಟಿನ ವಿಷಯ ಕಾಕತಾಳೀಯ. ಮೇಷ್ಟ್ರು ಏನಂದರು? ಅವರಿಗೆ ಎಲ್ಲದರಲ್ಲೂ ಕಾರಣ ಹುಡುಕುವ ಚಟ. ದೊರೆಗೆ ಹೊಸದೇನೂ ಕಲಿಸುವುದು ಬೇಡ ಎಂದು ಹೇಳು. ಅವನು ಹೇಗಿದ್ದನೋ ಹಾಗೇ ಇರಲಿ. ಸುಮ್ಮನೆ ಮೈ ಸಡಿಲಾಗುವಷ್ಟು ಓಡಾಡಿಸು, ಸಾಕು.

ಅಕ್ಕ


ಏಪ್ರಿಲ್ 7

ಅಕ್ಕಾ,

ಬರೆಯುವುದು ತಡವಾಯಿತು. ಅಂಗಡಿಯಲ್ಲಿ ಶಾಲೆಯ ಮಕ್ಕಳ ಕಣ್ಣಿನ ತಪಾಸಣೆ ನಡೆಯುತ್ತಿದೆ. "ಈ ಲೆನ್ಸ್ ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?" ಎಂದು ಕೇಳಿ ಕೇಳಿ, ಮನೆಗೆ ಹೋಗಿ ತರಕಾರಿಯವನಿಗೂ ಹಾಗೆಯೇ ಕೇಳಿದೆ.

ದೊರೆಯ ಹಲ್ಲಿನ ಚೂಪನ್ನು ಅರದಿಂದ ಉಜ್ಜಿಸಿದ್ದಾಯಿತು. ಹೊಸ ಲಾಳ ಹೊಡೆಸಿದ್ದಾಯಿತು. ಚಳಿಗಾಲದ ಕೂದಲು ಉದುರುತ್ತಿದೆ. ನನ್ನ ಕಪ್ಪು ಸ್ವೆಟರ್ ಈಗ ಕಂದು. ಲಾಯದ ಬಾಗಿಲಿನ ಚಿಲಕವನ್ನು ತುಟಿಯಿಂದ ತೆಗೆಯುವುದನ್ನು ಕಲಿತಿದ್ದಾನೆ. ಇದನ್ನು ನಾನು ಕಲಿಸಲಿಲ್ಲ.

ಸವಾರಿ ನಡೆದಿದೆ. ಚೆನ್ನಾಗಿದೆ.

ಪುಟ್ಟಿ


ಏಪ್ರಿಲ್ 19

ಪುಟ್ಟೀ,

"ನಡೆದಿದೆ, ಚೆನ್ನಾಗಿದೆ." ಇಷ್ಟೇನಾ? ಮೊದಲು ಅವನ ಬಾಲದ ಬಗ್ಗೆಯೇ ಅರ್ಧ ಪುಟ ಬರೆಯುತ್ತಿದ್ದೆ. ನನಗೆ ಅರ್ಥವಾಗುತ್ತದೆ. ಅಂಗಡಿ, ಮನೆ, ಬೆಳಗಾದರೆ ಲಾಯ. ಯಾರಿಗಾದರೂ ಬೇಸರ ಬರುತ್ತದೆ. ನೀನು ಬಾಯಿಬಿಟ್ಟು ಹೇಳುವವಳಲ್ಲ, ಚಿಕ್ಕಂದಿನಿಂದಲೂ ಹಾಗೇ. ಭಾರವಾದರೆ ಮಕ್ಕಳ ಸವಾರಿ ಶಾಲೆಯವರು ಅವನನ್ನು ಸಂತೋಷವಾಗಿ ತೆಗೆದುಕೊಳ್ಳುತ್ತಾರೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಲ್ಲಿ ನನ್ನನ್ನು ಒಬ್ಬ ಹುಡುಗಿಯ ಕೈಗೆ ಒಪ್ಪಿಸಿದ್ದಾರೆ. ವ್ಯಾಯಾಮ ಮಾಡಿಸುವವಳು. ವಯಸ್ಸು ನನ್ನ ಮಗಳಿಗಿಂತ ಚಿಕ್ಕದು, ದನಿ ಮಾತ್ರ ಹೆಡ್‌ಮಾಸ್ತರಮ್ಮನದು. ಉದ್ದ ಕೋಣೆ, ಕೊನೆಯಲ್ಲಿ ಆಳೆತ್ತರದ ಕನ್ನಡಿ. ಅದರ ಕಡೆಗೆ ನಡೆಯಬೇಕು. ನಾನು ಸೈನಿಕನ ಹಾಗೆ ನೆಟ್ಟಗೆ ನಡೆದೆ.

"ಅಮ್ಮಾ, ವಾಲಿದ್ದೀರಿ."

"ಎಲ್ಲೇ ವಾಲಿದ್ದೀನಿ? ನೆಟ್ಟಗಿದ್ದೀನಿ."

"ಕನ್ನಡಿ ನೋಡಿ."

ನೋಡಿದೆ. ಬಲಕ್ಕೆ ವಾಲಿಕೊಂಡು ಒಬ್ಬಳು ಮುದುಕಿ ಬರುತ್ತಿದ್ದಳು. ಹುಡುಗಿ ನನ್ನ ಸೊಂಟ ಹಿಡಿದು ನಡುವೆ ನಿಲ್ಲಿಸಿದಳು. ಎಡಕ್ಕೆ ಬಿದ್ದೇಹೋದೆ ಎಂದು ಕೂಗಿಕೊಂಡೆ. ಆದರೆ ಕನ್ನಡಿಯಲ್ಲಿ ನೆಟ್ಟಗಿದ್ದೆ. ಈಗ ದಿನಾ ಇದೇ ಪಾಠ. ನೆಟ್ಟಗಿದ್ದೇನೆ ಅನಿಸಿದರೆ ತಪ್ಪು, ಬೀಳುತ್ತೇನೆ ಅನಿಸಿದರೆ ಸರಿ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?

ದೊರೆಯ ವಿಷಯ ಯೋಚಿಸಿ ಬರಿ.

ಅಕ್ಕ


ಏಪ್ರಿಲ್ 23

ಅಕ್ಕಾ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ. ಕನ್ನಡಿಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಕಣ್ಣು ಪರೀಕ್ಷೆಗೆ ಕೂತಿದ್ದವರು, "ನಾನು ಓದ್ಬೇಕಾ, ನೀವು ಓದ್ತೀರಾ?" ಎಂದರು.

ನನಗೆ ಬೇಸರ ಬಂದಿಲ್ಲ. ದೊರೆಯನ್ನು ಯಾವ ಶಾಲೆಗೂ ಕಳಿಸಬೇಡ. ನಾನು ಕಡಿಮೆ ಬರೆದದ್ದು, ಬರೆಯಬಾರದ್ದು ಬಹಳ ಇದ್ದುದರಿಂದ.

ಕೋಟಿನ ಪತ್ರ ಹಾಕಿದ ಮರುದಿನ ಮೇಷ್ಟ್ರು ಜೀನು ಬಿಚ್ಚಿ, ದೊರೆಯ ಬೆನ್ನನ್ನು ಎರಡೂ ಕಡೆ ಒತ್ತಿ ನೋಡಿದರು. ಎಡಗಡೆ ಒತ್ತಿದಾಗ ಹುಲ್ಲು ಅಗಿಯುತ್ತಲೇ ಇದ್ದ. ಬಲಗಡೆ ಒತ್ತಿದಾಗ ಅಗಿಯುವುದು ನಿಲ್ಲಿಸಿ ಬೆನ್ನು ತಗ್ಗಿಸಿದ. ಜೀನಿನ ಬಲಗಡೆಯ ಮೆತ್ತೆಯೂ ಚಪ್ಪಟೆಯಾಗಿತ್ತು. ಮೇಷ್ಟ್ರು ಮೆಲ್ಲಗೆ, "ಇದು ಒಂದು ಚಳಿಗಾಲದ್ದಲ್ಲಮ್ಮಾ. ನಿಮ್ಮಕ್ಕ ಎಷ್ಟು ವರ್ಷದಿಂದ ನೋವು ನುಂಗ್ಕೊಂಡಿದ್ರು?" ಎಂದರು. ನನಗೆ ಗೊತ್ತಿಲ್ಲ ಎಂದೆ. ಒಡಹುಟ್ಟಿದವಳು ಹೇಳುವ ಉತ್ತರವೇ ಅದು?

ನೀನು ಎಡ ಸೊಂಟವನ್ನು ಕಾಪಾಡಿಕೊಳ್ಳಲು ಬಲಕ್ಕೆ ಭಾರ ಹಾಕಿ ಕೂರುತ್ತಿದ್ದೆ. ಅವನು ಅದನ್ನೇ 'ನೇರ' ಎಂದು ಕಲಿತ. ನಾನು ನಡುವೆ ಕೂತರೆ ಅವನ ಲೆಕ್ಕದಲ್ಲಿ ನಾನು ಎಡಕ್ಕೆ ಹೋಗು ಎಂದ ಹಾಗೆ. ಅವನು ಒಳ್ಳೆಯ ಮಗು, ಹೋಗುತ್ತಿದ್ದ.

ಎರಡು ದಾರಿ ಇದ್ದವು. ನಿನ್ನ ಹಾಗೆ ವಾಲಿ ಕೂತು, ಮಾತು ಕೊಟ್ಟ ಹಾಗೆ ನಿನ್ನ ದೊರೆಯನ್ನು ನಿನಗೆ ಉಳಿಸುವುದು. ಇಲ್ಲವೆ ಅವನ ಬೆನ್ನಿನ ನೋವು ಹೋಗುವ ಹಾಗೆ ಹೊಸದಾಗಿ ಕಲಿಸುವುದು. ನೀನು ಏನೂ ಕಲಿಸಬೇಡ ಎಂದು ಬರೆದ ಮೇಲೂ ಎರಡನೆಯದನ್ನು ಹಿಡಿದೆ. ಬಲಗಡೆ ಒತ್ತಿದಾಗ ಅವನು ಅಗಿಯುವುದು ನಿಲ್ಲಿಸಿದ್ದನ್ನು ಮರೆಯಲು ನನ್ನಿಂದ ಆಗಲಿಲ್ಲ. ಆದರೆ ಅವನು ಒಂದೊಂದು ಹೆಜ್ಜೆ ನೇರವಾದ ಹಾಗೂ ನಾನು ನಿನ್ನನ್ನು ಅವನ ಮೈಯಿಂದ ಅಳಿಸುತ್ತಿದ್ದೇನೆ ಅನಿಸುತ್ತಿತ್ತು. ಚೆನ್ನಾಗಿ ಹೋದ ದಿನವೇ ಮನೆಗೆ ಬಂದು ಸಪ್ಪಗಾಗುತ್ತಿದ್ದೆ. ನಿನಗೆ ಏನೆಂದು ಬರೆಯಲಿ? ನಿನ್ನ ಕುದುರೆಗೆ ನಿನ್ನ ಕೂರುವಿಕೆಯನ್ನು ಮರೆಸುತ್ತಿದ್ದೇನೆ ಎಂದೇ?

ಈಗ ನೀನು ಕನ್ನಡಿಯ ಮುಂದೆ ನಡುವೆ ನಿಲ್ಲುವುದನ್ನು ಕಲಿಯುತ್ತಿದ್ದೀಯ ಎಂದು ಓದಿದೆ. ಸರಿಯಾದ ನಂಬರಿನ ಕನ್ನಡಕ ಹಾಕಿಕೊಂಡವರು ಮೊದಲ ವಾರ ಅಂಗಡಿಗೆ ಬಂದು ನೆಲ ವಾಲಿದೆ ಎಂದು ಜಗಳವಾಡುತ್ತಾರೆ. ಹಾಕಿಕೊಂಡೇ ಇರಿ ಎಂದು ನಾನು ಹೇಳುತ್ತೇನೆ. ನಿನಗೂ, ದೊರೆಗೂ ಅದೇ ಹೇಳಬಹುದೇನೋ. ಆದರೆ ನನಗೆ ನನ್ನ ಅನುಕೂಲಕ್ಕೆ ತಕ್ಕ ಹಾಗೆ ಯೋಚಿಸುವ ಅಭ್ಯಾಸವಿದೆ. ನೀನೇ ಹೇಳು.

ಬೈಯುವುದಾದರೆ ಪೂರ್ತಿ ಬೈದುಬಿಡು.

ಪುಟ್ಟಿ


ಮೇ 15

ಅಕ್ಕಾ,

ಫೋನು ಮಾಡಿದರೆ ಭಾವ "ಮಲಗಿದ್ದಾಳೆ" ಎನ್ನುತ್ತಾರೆ. ಯಾವ ಹೊತ್ತಿಗೆ ಮಾಡಿದರೂ ಮಲಗಿದ್ದೀಯ. ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ. ಅವರನ್ನಾದರೂ ಬಿಟ್ಟುಬಿಡು.

ದೊರೆಯ ಬೆನ್ನು ಈಗ ಎರಡೂ ಕಡೆ ಒಂದೇ ಥರ ಇದೆ. ಎಲ್ಲಿ ಒತ್ತಿದರೂ ಅಗಿಯುತ್ತಲೇ ಇರುತ್ತಾನೆ. ಇಷ್ಟು ಮಾತ್ರ ತಿಳಿಸೋಣವೆಂದು.

ಪುಟ್ಟಿ


ಮೇ 28

ಪುಟ್ಟೀ,

ಸಿಟ್ಟು ಬಂದಿತ್ತು. ಬರುವುದಿಲ್ಲವೇ? ಬಸ್ಸಿನ ಆಫೀಸಿಗೆ, ನಿನ್ನ ಭಾವನಿಗೆ, ನಿನಗೆ, ಯಾರಿಗೂ ತಿಳಿಯದ ಹಾಗೆ ವರ್ಷಗಟ್ಟಲೆ ಇಟ್ಟುಕೊಂಡಿದ್ದ ನೋವನ್ನು ಆ ಕುಳ್ಳ ದೊರೆ ಎಲ್ಲರ ಎದುರು ಹೇಳಿಬಿಟ್ಟ. ಆಫೀಸಿಗೆ ಗೊತ್ತಾಗಿದ್ದರೆ ನನ್ನನ್ನು ಸ್ಟೀರಿಂಗಿನಿಂದ ಇಳಿಸಿ ಟಿಕೆಟ್ ಮೇಜಿಗೆ ಕೂರಿಸುತ್ತಿದ್ದರು. ಕ್ಲಚ್ ಒತ್ತಿದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಲಾಯಕ್ಕೆ ಬಂದು ಅವನ ಮೇಲೆ ಕೂತರೆ ಹಾಯೆನಿಸುತ್ತಿತ್ತು. ಈಗ ತಿಳಿಯುತ್ತದೆ, ನನಗೆ ಹಾಯೆನಿಸುತ್ತಿದ್ದದ್ದು ಅವನು ನನ್ನ ಭಾರವನ್ನು ತನ್ನ ಬಲಬೆನ್ನಿಗೆ ತೆಗೆದುಕೊಂಡದ್ದರಿಂದ. ಸಿಟ್ಟು ಇಳಿದ ಮೇಲೆ ಉಳಿದದ್ದು ಇದೇ ಯೋಚನೆ. ಅದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ನೀನು ಕೇಳಿದೆಯಲ್ಲ, ಹೇಳುತ್ತೇನೆ. ಸರಿ ಮಾಡಿದೆ. ನನ್ನನ್ನು ಕೇಳಿ ಮಾಡಿದ್ದರೆ ನಾನು ಬಿಡುತ್ತಿರಲಿಲ್ಲ. ಆದ್ದರಿಂದ ಕೇಳದೆ ಮಾಡಿದ್ದೂ ಸರಿಯೇ. ಇದನ್ನು ಯಾರಿಗೂ ತೋರಿಸಬೇಡ.

ನಾನೂ ಒಂದು ಮುಚ್ಚಿಟ್ಟಿದ್ದೆ. ಆಪರೇಷನ್ ಆದ ಮರುದಿನವೇ ಡಾಕ್ಟರು "ಕುದುರೆ ಗಿದುರೆ ಇನ್ನು ಮರೆತುಬಿಡಿ" ಎಂದಿದ್ದರು. ಅಕ್ಟೋಬರಿನಲ್ಲಿ ನಾನೇ ಕೂರುತ್ತೇನೆ ಎಂದು ನಿನಗೆ ಬರೆದದ್ದು ಅದಾದ ಮೇಲೆ. ಶಾಲೆಗೆ ಕೊಡೋಣ ಎಂದದ್ದೂ ನಿನ್ನ ಬೇಸರಕ್ಕಲ್ಲ, ನನ್ನ ಹೆದರಿಕೆಗೆ.

ಮೊನ್ನೆ ವ್ಯಾಯಾಮದ ಹೆಡ್‌ಮಾಸ್ತರಮ್ಮನಿಗೆ ಎಲ್ಲ ಹೇಳಿಕೊಂಡೆ. ಅವಳು ನನ್ನನ್ನು ಡಾಕ್ಟರ ಮುಂದೆ ಎಳೆದುಕೊಂಡು ಹೋದಳು.

"ಎಷ್ಟೆತ್ತರದ ಕುದುರೆ?" ಎಂದರು. ಎದೆಯ ಹತ್ತಿರ ಕೈ ಇಟ್ಟು ತೋರಿಸಿದೆ.

"ಇದೇನು ಕುದುರೆನಾ, ಊಟದ ಮೇಜಾ?"

"ದೊರೆ ಅಂತ ಹೆಸರು ಡಾಕ್ಟ್ರೇ."

ಪುಟ್ಟೀ, ಅವರು ನಕ್ಕರು! ನಡಿಗೆ ಮತ್ತು ಸ್ವಲ್ಪ ಟ್ರಾಟ್, ಪಕ್ಕದಲ್ಲಿ ಯಾರಾದರೂ ಇರುವಾಗ, ಹತ್ತಲು ಇಳಿಯಲು ಕಟ್ಟೆ ಇದ್ದರೆ. ಬಿದ್ದರೆ ತಮ್ಮ ಹೆಸರು ಎತ್ತಬಾರದು. ಇಷ್ಟು ಒಪ್ಪಿದ್ದಾರೆ. ಮುಂದಿನ ತಿಂಗಳ ಕೊನೆಗೆ ಒಂದು ದಿನದ ಮಟ್ಟಿಗೆ ಬರುತ್ತೇನೆ. ಅವನು ನನ್ನನ್ನು ಗುರುತಿಸುತ್ತಾನಾ?

ಅಕ್ಕ


ಜೂನ್ 30

ಅಕ್ಕಾ,

ನೀನು ರೈಲು ಹತ್ತಿ ಎರಡು ದಿನವಾಯಿತು. ಮೇಲೆ ಕೂತಿದ್ದವಳಿಗೆ ತನ್ನ ಬೆನ್ನು ಕಾಣುವುದಿಲ್ಲ. ಹಿಂದೆ ನಿಂತು ನಾನು ಕಂಡದ್ದನ್ನು ಬರೆಯುತ್ತೇನೆ.

ನೀನು ಲಾಯದ ಬಾಗಿಲಲ್ಲಿ ಮಾತಾಡುವ ಮೊದಲೇ ಅವನು ಚಿಲಕ ತೆಗೆದುಬಿಟ್ಟ. ನಿನ್ನ ಜೇಬು ಮೂಸಲಿಲ್ಲ, ನಿನ್ನ ಕುತ್ತಿಗೆ ಮೂಸಿದ. ಆಗ ನೀನು ಗೋಡೆಯ ಕಡೆ ತಿರುಗಿಕೊಂಡೆ. ನಾವೂ ಬೇರೆ ಕಡೆ ನೋಡಿದೆವು.

ಕಟ್ಟೆಯಿಂದ ಹತ್ತಿದೆ. ನಡಿಗೆಯಲ್ಲಿ ನಡುಗೆರೆ ಹಿಡಿದೆ. ಅಕ್ಕಾ, ನಾನು ನಿನ್ನನ್ನು ಹಿಂದಿನಿಂದ ನೋಡುತ್ತಾ ಬೆಳೆದವಳು, ಸೈಕಲ್ಲಿನ ಹಿಂದೆ, ಬಸ್ಸಿನ ಸೀಟಿನ ಹಿಂದೆ. ಆ ಬೆನ್ನು ಒಂದು ಕಡೆಗೆ ಕುಸಿದಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ನೆಟ್ಟಗಾದುದನ್ನು ನೋಡಿದ ಮೇಲೆ ಗೊತ್ತಾಯಿತು. ದೊರೆ ನಿನ್ನ ಕೆಳಗೆ ನೇರ ಹೋಗುತ್ತಿದ್ದ. ಅಂಕಣದ ಅರ್ಧದವರೆಗೂ ಹಾಗೇ ಹೋದ.

ಆಮೇಲೆ ನೀನು ಅವನಿಂದ ಟ್ರಾಟ್ ಕೇಳಿದೆ. ಹಳೆಯ ಹೆದರಿಕೆ ಬಂತೇನೋ, ನಿನ್ನ ಎಡ ಸೊಂಟ ತಾನಾಗಿಯೇ ಮೇಲೆದ್ದಿತು, ಭಾರ ಬಲಕ್ಕೆ ಬಿತ್ತು. ಹಿಂದೆ ಅವನಿಗೆ ನೇರ ಎನಿಸುತ್ತಿದ್ದದ್ದು ಈಗ 'ಬಲಕ್ಕೆ ಹೋಗು' ಎನಿಸಿತು. ಹೋದ. ಬಲಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಭಾವನ ಮಡಿಲಿಗೇ ಹೊರಟ. ಭಾವ "ಏಯ್ ಏಯ್, ನಿನ್ನ ಗಂಡ ಕಣೇ ನಾನು!" ಎಂದು ಕೂಗಿದ್ದು ರಸ್ತೆಗೂ ಕೇಳಿಸಿತಂತೆ. ನೀನು ಜೂಲಿನ ಮೇಲೆ ಮುಖವಿಟ್ಟು ನಕ್ಕೆ. ನಗುತ್ತಿದ್ದೆ ತಾನೇ? ಇಳಿದ ಮೇಲೆ ಏನೂ ಮಾತಾಡದೆ ಅವನ ಹಣೆ ತಿಕ್ಕುತ್ತಾ ನಿಂತೆ. ರೈಲಿನ ಹೊತ್ತಾಯಿತೆಂದು ಹೊರಟೆ. ನನಗೆ ಕೇಳುವ ಧೈರ್ಯ ಬರಲಿಲ್ಲ.

ಅವನು ನಿನ್ನವನೇ. ಆದರೆ ನೀನು ಬಿಟ್ಟುಹೋದ ಹಾಗೆ ಇಲ್ಲ. ನನ್ನ ಮಾತು ಉಳಿಸಿಕೊಳ್ಳಲಾಗಲಿಲ್ಲ.

ಪುಟ್ಟಿ


ಜುಲೈ 9

ಪುಟ್ಟೀ,

ನಗುತ್ತಿದ್ದೆ ಕಣೇ, ಹೊಟ್ಟೆ ಹುಣ್ಣಾಗುವಷ್ಟು. ನಿನ್ನ ಭಾವ ಪ್ಯಾಂಟಿನ ಮೇಲಿನ ಚಹಾದ ಕಲೆಯನ್ನು ಇಲ್ಲಿ ಬಂದವರಿಗೆಲ್ಲ ತೋರಿಸುತ್ತಿದ್ದಾರೆ, ಯುದ್ಧದಲ್ಲಿ ಗಾಯವಾದವರ ಹಾಗೆ.

ಇಳಿದ ಮೇಲೆ ಮಾತಾಡದೆ ನಿಂತದ್ದು ನಿನ್ನ ಮೇಲಿನ ಬೇಸರಕ್ಕಲ್ಲ. ಅರ್ಧ ಅಂಕಣದಷ್ಟು ದೂರ ಎಲ್ಲೂ ನೋವಿರಲಿಲ್ಲ. ಅವನ ಬೆನ್ನು ನನ್ನ ಕೆಳಗೆ ಎರಡೂ ಕಡೆ ಒಂದೇ ಸಮ ಏಳುತ್ತಿತ್ತು, ಇಳಿಯುತ್ತಿತ್ತು. ಅಷ್ಟು ವರ್ಷ ಕೂತಿದ್ದೆ, ಅವನು ಹೀಗೆ ನಡೆಯುತ್ತಾನೆ ಎಂದು ಗೊತ್ತೇ ಇರಲಿಲ್ಲ. ಏನಾದರೂ ಮಾತಾಡಿದರೆ ಅದು ಮರೆತುಹೋಗುತ್ತದೆ ಅನಿಸಿತು. ರೈಲಿನಲ್ಲೂ ಬಾಯಿ ಬಿಡಲಿಲ್ಲ. ನಿನ್ನ ಭಾವ ಹೆದರಿ ಎರಡು ಸಲ ನೀರು ಕೊಟ್ಟರು.

ಅಕ್ಟೋಬರಿನಲ್ಲಿ ನೀನು ಸವಾರಿ ಮಾಡು. ನಾನು ಇನ್ನೂ ತಯಾರಾಗಿಲ್ಲ. ಇದನ್ನು ಬರೆದು ಒಂದು ಲೋಟ ಕಾಫಿ ಕುಡಿದು ಮತ್ತೆ ಓದಿದೆ. ಬರೆದದ್ದು ಸರಿಯಾಗಿಯೇ ಇದೆ, ಹಾಗೇ ಬಿಟ್ಟಿದ್ದೇನೆ.

ಡಾಕ್ಟರು ಊರಿಗೆ ಹೋಗಲು ಹೇಳಿದ್ದಾರೆ. ಬುಧವಾರ ಮನೆಗೆ ಬರುತ್ತೇವೆ, ಗುರುವಾರ ಬೆಳಗ್ಗೆ ಲಾಯಕ್ಕೆ ಬರುತ್ತೇನೆ. ಮೇಷ್ಟ್ರು ಬೇಡ, ಅವರು ನನ್ನ ವಯಸ್ಸು ನೋಡಿ ಮರ್ಯಾದೆ ಕೊಡುತ್ತಾರೆ. ನೀನು ನಡುವೆ ನಿಲ್ಲು. ನಾನು ಬಲಕ್ಕೆ ವಾಲಿದಾಗಲೆಲ್ಲ ಜೋರಾಗಿ ಕೂಗು, "ನಡುವೆ ಕೂತ್ಕೊಳೇ!" ಎಂದು. ನಿನಗೆ ಸೈಕಲ್ ಕಲಿಸುವಾಗ ನಾನು ಕೂಗಿದ್ದಕ್ಕಿಂತ ಜೋರಾಗಿ. ಅಕ್ಕ ಎಂದು ದನಿ ತಗ್ಗಿಸಿದರೆ ಇಳಿದು ಬಂದು ಕಿವಿ ಹಿಂಡುತ್ತೇನೆ.

ಅಕ್ಕ